ಬೇಕರಿಯವನ ಮನಸ್ಸಾಕ್ಷಿ

ಬೇಕರಿಯವನಿಗೆ ನಿಯಮವೆಂದರೆ ಪ್ರಾಣ. ಹಿಟ್ಟನ್ನು ಜರಡಿ ಹಿಡಿಯದೆ ಕಲಸುವಂತಿಲ್ಲ, ಬೇಯುವಾಗ ಓವನ್ ಬಾಗಿಲು ತೆಗೆದು ಇಣುಕುವಂತಿಲ್ಲ, ಗಿರಾಕಿ ಎಷ್ಟೇ ಗೋಗರೆದರೂ ಬಿಸಿ ಬ್ರೆಡ್ಡಿಗೆ ಚಾಕು ಹಾಕುವಂತಿಲ್ಲ. ಇವು ಅಂಗಡಿಯ ನಿಯಮಗಳು. ಇನ್ನು ಚರ್ಚಿನ ನಿಯಮಗಳ ಮಾತೆತ್ತಿದರೆ ಮುಗಿದೇ ಹೋಯಿತು. ಅವನು ಹುಟ್ಟಾ ಕ್ಯಾಥೊಲಿಕ್. ಶುಕ್ರವಾರ ಮಾಂಸ ಮುಟ್ಟುವುದಿಲ್ಲ. ಒಂದು ಶುಕ್ರವಾರ ತಾನೇ ಮಾಡಿದ ಪಫ್ ಒಂದನ್ನು ತರಕಾರಿಯದೆಂದು ಕಚ್ಚಿದ. ಒಳಗೆ ಕೋಳಿ! ನುಂಗಿದರೆ ಪಾಪ, ಉಗುಳಿದರೆ ಅನ್ನಕ್ಕೆ ಅವಮಾನ. ಪುಣ್ಯಾತ್ಮ ಕೆನ್ನೆ ಉಬ್ಬಿಸಿಕೊಂಡೇ ರಸ್ತೆ ದಾಟಿ ಎದುರಿನ ಚರ್ಚಿಗೆ ಹೋಗಿ ಫಾದರ್ ಬಾಗಿಲು ತಟ್ಟಿದ. ಫಾದರ್ ಅವನ ಮುಖ ನೋಡಿ, "ಹಲ್ಲುನೋವಾ?" ಎಂದು ಕೇಳಿದರು. ವಿಷಯ ಗೊತ್ತಾದ ಮೇಲೆ, "ಮೊದಲು ಅದನ್ನ ನುಂಗಿ ಮಾರಾಯ್ರೇ, ಆಮೇಲೆ ಮಾತಾಡಿ" ಎಂದರು.

ಈ ಕತೆಯನ್ನು ಊರಿಗೆಲ್ಲ ಹಬ್ಬಿಸಿದವನು ಬೇಕರಿಯವನೇ. ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ. "ನನ್ನಂಥ ಪೆದ್ದನನ್ನ ದೇವರು ಒಬ್ಬನ್ನೇ ಮಾಡಿದ್ದು, ಅಚ್ಚು ಒಡೆದು ಹೋಯ್ತಂತೆ" ಎಂದು ಕೌಂಟರಿನ ಹಿಂದೆ ನಿಂತು ಹೇಳಿ, ಗಿರಾಕಿ ನಗುವ ಮೊದಲೇ ತಾನು ನಕ್ಕುಬಿಡುತ್ತಿದ್ದ. ಅದರಲ್ಲೊಂದು ಅನುಕೂಲವಿತ್ತು. ತಾನೇ ನಕ್ಕುಬಿಟ್ಟರೆ ಬೇರೆಯವರು ಬೈಯುವುದಿಲ್ಲ.

ಇಂಥವನು ಮದುವೆಯಾದದ್ದು ಯಾರನ್ನು ಅಂತೀರಿ? ಪ್ರೊಟೆಸ್ಟೆಂಟ್ ಪಾಸ್ಟರೊಬ್ಬರ ಮಗಳನ್ನು. ಎರಡೂ ಕಡೆಯವರು ಮುಖ ಊದಿಸಿಕೊಂಡೇ ಮದುವೆ ಮಾಡಿಸಿದರು. ಅವನು ತನ್ನ ಚರ್ಚು ಬಿಡಲಿಲ್ಲ, ಅವಳು ತನ್ನದನ್ನು ಬಿಡಲಿಲ್ಲ. ಅತ್ತೆ ತೀರಿಕೊಂಡ ಮೇಲೆ, ಆ ಹೊತ್ತಿಗೆ ನಿವೃತ್ತರಾಗಿದ್ದ ಮಾವ ಬೇಕರಿಯ ಮೇಲಿನ ಕೋಣೆಗೇ ಬಂದು ಉಳಿದರು.

ಮಾವ ದಿನಾ ಅಂಗಡಿ ಖಾಲಿಯಾಗುವ ಹೊತ್ತಿಗೆ ಮೆಟ್ಟಿಲಿಳಿದು ಬಂದು, ಕೌಂಟರಿನ ಪಕ್ಕದ ಕುರ್ಚಿಯಲ್ಲಿ ಕೂತು, ಕಾಲು ಕೆರೆದು ಜಗಳ ತೆಗೆಯುತ್ತಿದ್ದರು. "ಅಳಿಯಂದ್ರೇ, ಪಾಪ ಅನ್ನೋದು ನಿಮಗೂ ದೇವರಿಗೂ ಬಿಟ್ಟ ವಿಷಯ. ಮಧ್ಯೆ ಫಾದರ್ ಯಾಕೆ, ಆ ಗೂಡಿನೊಳಗೆ ಮಂಡಿಯೂರಿ ಪಾಪನಿವೇದನೆ ಯಾಕೆ? ನಿಮ್ಮ ಮನಸ್ಸಾಕ್ಷಿ ಏನು ರಜೆ ಹಾಕಿದೆಯಾ?"

"ನೀವು ಹೇಳ್ತೀರಿ ಮಾವ," ಅಳಿಯ ಟ್ರೇ ಒರೆಸುತ್ತ ಅನ್ನುತ್ತಿದ್ದ. "ಬಿಯರ್ ಮುಟ್ಟಲ್ಲ, ಇಸ್ಪೀಟು ಮುಟ್ಟಲ್ಲ, ಸಿನಿಮಾ ನೋಡಲ್ಲ. ನಿಯಮಾನೇ ಬೇಡ ಅನ್ನೋರಿಗೆ ಎಷ್ಟೊಂದು ನಿಯಮ!"

"ಅದು ನಿಯಮ ಅಲ್ಲ, ನನ್ನ ಮನಸ್ಸಾಕ್ಷಿ."

"ಹಾಗಾದ್ರೆ ನಿಮ್ಮ ಮನಸ್ಸಾಕ್ಷಿ ನಮ್ಮ ಬಿಷಪ್ಪರಿಗಿಂತ ಕಟ್ಟುನಿಟ್ಟು ಬಿಡಿ."

ಮುದುಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಬ್ಬರಿಗೂ ಈ ಜಗಳವಿಲ್ಲದೆ ದಿನ ಹೋಗುತ್ತಿರಲಿಲ್ಲ.

ಮಾವನ ಚರ್ಚಿನಲ್ಲಿ ಯೇಸುವಿನ ಕೊನೆಯ ಊಟದ ನೆನಪಿಗೆ ನಡೆಯುವ ಕರ್ತನ ಭೋಜನಕ್ಕೆ ಬೇಕಾದ ರೊಟ್ಟಿಯನ್ನು ಮಾಡಿಕೊಡುತ್ತಿದ್ದವನೂ ಅಳಿಯನೇ. ಅವನ ಚರ್ಚಿನಲ್ಲಿ ಅದಕ್ಕೆ ಪರಮಪ್ರಸಾದ ಅನ್ನುತ್ತಾರೆ, ಕೊಡುವುದು ತೆಳ್ಳನೆಯ ಬಿಳಿ ಬಿಲ್ಲೆ. ಇವರಲ್ಲಿ ದುಂಡನೆಯ ಇಡೀ ಬ್ರೆಡ್ಡನ್ನು ಮುರಿದು ಹಂಚುತ್ತಾರೆ. ಆ ಬ್ರೆಡ್ಡನ್ನು ಅವನು ಮದುವೆಯ ಕೇಕಿಗಿಂತ ಹೆಚ್ಚು ಮುತುವರ್ಜಿಯಿಂದ ಮಾಡುತ್ತಿದ್ದ. ಆದರೆ ಅದರ ಒಂದು ಚೂರನ್ನೂ ಬಾಯಿಗೆ ಹಾಕಿಕೊಂಡವನಲ್ಲ. ಕ್ಯಾಥೊಲಿಕ್ ಆದವನು ಬೇರೆ ಚರ್ಚಿನ ಮೇಜಿನಿಂದ ಆ ಭೋಜನ ತೆಗೆದುಕೊಳ್ಳುವಂತಿಲ್ಲ ಎಂಬುದು ನಿಯಮ. ಅದು ಇನ್ನೂ ಬೇಕರಿಯ ಮೇಜಿನ ಮೇಲಿರುವ ಬರೀ ಬ್ರೆಡ್ಡು ಎಂದು ಫಾದರೇ ಹೇಳಿದ್ದರೂ, ಇವನು ಅದು ಓವನ್ನಿನಿಂದ ಹೊರಬಂದ ಗಳಿಗೆಯಿಂದಲೇ ಎಚ್ಚರ ವಹಿಸುತ್ತಿದ್ದ. ಉದುರಿದ ಪುಡಿಯನ್ನು ಗುಬ್ಬಿಗಳಿಗೆ ಹಾಕುತ್ತಿದ್ದ. ಗುಬ್ಬಿಗಳು ಯಾವ ಚರ್ಚಿನವೆಂದು ವಿಚಾರಿಸಲಿಲ್ಲ, ಅಷ್ಟು ಪುಣ್ಯ.

ಹೀಗಿರುವಾಗ ಮಾವನ ಹೃದಯ ಕೈಕೊಟ್ಟಿತು. ಡಾಕ್ಟರು ನೋಡಿ, ಇನ್ನು ಆಸ್ಪತ್ರೆಗೆ ಸುತ್ತಿಸಬೇಡಿ, ಮನೆಯಲ್ಲೇ ನೆಮ್ಮದಿಯಾಗಿ ಇಟ್ಟುಕೊಳ್ಳಿ ಎಂದರು. ಮೆಟ್ಟಿಲಿಳಿಯುವುದು ನಿಂತುಹೋಯಿತು. ಅಂಗಡಿ ಖಾಲಿಯಾಗುವ ಹೊತ್ತಿಗೆ ಬೇಕರಿಯವನು ಆ ಕುರ್ಚಿಯ ಕಡೆ ನೋಡುತ್ತಿದ್ದ, ಮತ್ತೆ ಟ್ರೇ ಒರೆಸುತ್ತಿದ್ದ.

ಒಂದು ಮಧ್ಯಾಹ್ನ ಅವನು ಹಿಟ್ಟು ನಾದುತ್ತಿದ್ದಾಗ ಹೆಂಡತಿ ಕೆಳಗಿಳಿದು ಬಂದಳು.

"ರೀ, ಭಾನುವಾರ ಅಪ್ಪ ಮನೇಲೇ ಕರ್ತನ ಭೋಜನ ಕೊಡ್ತಾರಂತೆ."

"ಸಂತೋಷ. ಬ್ರೆಡ್ ಮಾಡಿಕೊಡ್ತೀನಿ."

"ಮಾಡೋದಲ್ಲ. ನೀವೂ ತಗೋಬೇಕಂತೆ. ನಿಮ್ಮನ್ನ ಒಪ್ಪಿಸು ಅಂತ ನನ್ನ ಕಳಿಸಿದ್ದಾರೆ."

ಅವನ ಕೈ ಹಿಟ್ಟಿನಲ್ಲೇ ನಿಂತಿತು. "ಅದು… ನಮ್ಮಲ್ಲಿ ಹಾಗೆಲ್ಲ ತಗೊಳ್ಳೋ ಹಾಗಿಲ್ವಲ್ಲ."

"ಗೊತ್ತು ಕಣ್ರೀ. ಮದುವೆಯಾದಾಗಿನಿಂದ ಗೊತ್ತು. ಯಾವತ್ತಾದ್ರೂ ಕೇಳಿದ್ದೀನಾ ನಾನು? ಇದು ಅಪ್ಪ ಕೊಡೋ ಕೊನೇ ಭೋಜನ ಇರಬಹುದು. ಒಂದೇ ಒಂದ್ಸಲ ನನ್ನ ಜೊತೆ ತಗೊಳ್ಳಿ. ಇನ್ಯಾವತ್ತೂ ಕೇಳಲ್ಲ."

ಅವಳು ಕೂಗಾಡಿದ್ದರೆ ಸುಲಭವಿತ್ತು. ಅವನೂ ಕೂಗಾಡಿ, ಒಂದು ಜೋಕು ಹೊಡೆದು ಮುಗಿಸಿಬಿಡುತ್ತಿದ್ದ. ಅವಳು ಮೆಲ್ಲಗೆ ಹೇಳಿ ಮೇಲೆ ಹೋದಳು. ಅವನು ಏಪ್ರನ್ ಬಿಚ್ಚುವುದನ್ನೂ ಮರೆತು ನೇರ ಫಾದರ್ ಬಳಿ ಓಡಿದ.

ಫಾದರ್ ಕೆಟ್ಟುಹೋದ ಮೈಕನ್ನು ಬಿಚ್ಚಿಕೊಂಡು ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. "ಬೇಡ ಅನ್ನುತ್ತೆ ನಿಯಮ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಂಬಿಕೆ ಒಂದಾಗದೆ ಮೇಜು ಮಾತ್ರ ಒಂದು ಅಂತ ತೋರಿಸಿಕೊಂಡ್ರೆ ಸುಳ್ಳಾಡಿದ ಹಾಗೆ, ಅದಕ್ಕೇ ಬೇಡ ಅನ್ನೋದು."

"ಒಂದೇ ಒಂದ್ಸಲ, ಫಾದರ್?"

"ನಾನು ಹೂಂ ಅಂದ್ರೆ ಪಾಪ ನನ್ನ ತಲೆಗೆ. ಊಹೂಂ ಅಂದ್ರೆ ನಿಮ್ಮ ಮನೆಯವರ ಸಿಟ್ಟು ನನ್ನ ತಲೆಗೆ. ಎರಡಕ್ಕೂ ನಾನೇ ಬೇಕಲ್ವಾ ನಿಮಗೆ?"

ಬೇಕರಿಯವನ ಮುಖ ಕೆಂಪಾಯಿತು.

"ನಿಮ್ಮ ಮನಸ್ಸಾಕ್ಷಿ ಏನನ್ನುತ್ತೆ?" ಎಂದರು ಫಾದರ್.

"ಫಾದರ್‌ನ ಕೇಳು ಅನ್ನುತ್ತೆ."

ಫಾದರ್ ಸ್ಕ್ರೂ ಡ್ರೈವರ್ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನೋಡಿ, ನಾನು ಹೇಳೋದು ಹೇಳಿದ್ದೀನಿ, ಅದು ಬದಲಾಗಲ್ಲ. ಆದ್ರೆ ಚರ್ಚು ಇರೋದು ಮನಸ್ಸಾಕ್ಷಿಗೆ ದಾರಿ ತೋರಿಸೋಕೆ. ಅದರ ಕೆಲಸಾನೂ ತಾನೇ ಮಾಡೋಕಲ್ಲ. ಮನೆಗೆ ಹೋಗಿ" ಎಂದರು.

ಅವನು ಬಾಲ ಮುದುರಿಕೊಂಡು ವಾಪಸು ಬಂದ. ಅಲ್ಲಿಂದ ಭಾನುವಾರದವರೆಗೆ ಆ ತಲೆಯೊಳಗೆ ನಡೆದ ಕಸರತ್ತು ದೇವರಿಗೇ ಪ್ರೀತಿ. ಭಾನುವಾರ ಬೆಳಿಗ್ಗೆ ಜ್ವರ ಬಂತೆಂದು ಮಲಗಿಬಿಟ್ಟರೆ? ಅದು ಸುಳ್ಳು, ಹೊಸ ಪಾಪ. ಬ್ರೆಡ್ಡನ್ನು ಕೈಯಲ್ಲಿ ತೆಗೆದುಕೊಂಡು ಮೆಲ್ಲಗೆ ಜೇಬಿಗೆ ಇಳಿಸಿದರೆ? ಅದು ಎರಡೂ ಚರ್ಚಿಗೆ ದ್ರೋಹ. ಜೊತೆಗೆ ಹೆಂಡತಿಯೇ ಬಟ್ಟೆ ಒಗೆಯುವವಳು, ಜೇಬು ನೋಡದೆ ಬಿಡುವವಳಲ್ಲ. ತಿಂದುಬಿಟ್ಟು ಆಮೇಲೆ ಪಾಪನಿವೇದನೆ ಮಾಡಿಕೊಂಡರೆ? ಕ್ಷಮೆ ಸಿಗುತ್ತದೆಂಬ ಲೆಕ್ಕಾಚಾರದಿಂದಲೇ ಮಾಡಿದ ಪಾಪ ಇನ್ನೂ ದೊಡ್ಡದೆಂದು ಅವನಿಗೆ ಗೊತ್ತಿತ್ತು. ಹಾಳಾದ್ದು, ಎಲ್ಲವೂ ಗೊತ್ತಿತ್ತು! ತಪ್ಪು ಮಾಡುವುದಕ್ಕೂ ನಿಯಮಪ್ರಕಾರದ ಒಂದು ದಾರಿ ಹುಡುಕುತ್ತಿದ್ದ ಮಹಾನುಭಾವ ಅವನು. ಈ ಗಡಿಬಿಡಿಯಲ್ಲಿ ಒಂದು ದಿನದ ಬ್ರೆಡ್ಡಿಗೆಲ್ಲ ಉಪ್ಪು ಹಾಕುವುದನ್ನೇ ಮರೆತ. ಗಿರಾಕಿಗಳು ಬಂದು ದಬಾಯಿಸಿದರೆ, "ಉಪ್ಪು ಬಿಟ್ಟಿದ್ದೀನಿ, ಆರೋಗ್ಯಕ್ಕೆ ಒಳ್ಳೇದು" ಎಂದ. ಅದೂ ಸುಳ್ಳು. ಪಟ್ಟಿಗೆ ಸೇರಿಸಿಕೊಂಡ.

ಭಾನುವಾರ ತನ್ನ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬಂದು ಹಿಟ್ಟನ್ನು ದುಂಡಗೆ ಮಾಡುತ್ತಿದ್ದಾಗ ಅವನು ಗಟ್ಟಿಮನಸ್ಸು ಮಾಡಿದ. ತೆಗೆದುಕೊಳ್ಳುತ್ತೇನೆ. ಧೈರ್ಯ ಬಂತೆಂದು ಹೇಳಿಕೊಳ್ಳಲು ಅವನಿಗೆ ಆಸೆಯಿತ್ತು. ನಿಜ ಹೇಳಬೇಕೆಂದರೆ, ದೇವರ ಕೋಪವನ್ನೂ ಹೆಂಡತಿಯ ಮೌನವನ್ನೂ ಅಕ್ಕಪಕ್ಕ ಇಟ್ಟು ನೋಡಿದ. ದೇವರು ಕ್ಷಮಿಸುತ್ತಾನೆಂದು ಎರಡೂ ಚರ್ಚಿನವರು ಹೇಳುತ್ತಾರೆ. ಹೆಂಡತಿಯ ವಿಷಯದಲ್ಲಿ ಅಂಥ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಹಾಗೆ ಯೋಚಿಸಿ ನಕ್ಕ. ನಗುತ್ತಿರುವಾಗಲೇ ಮೇಲಿನಿಂದ ಮಾವ ಕೆಮ್ಮುವುದು ಕೇಳಿಸಿತು, ನಗು ಅಲ್ಲಿಗೇ ನಿಂತಿತು. ಆ ಮುದುಕರನ್ನು ಅವನು ತುಂಬ ಪ್ರೀತಿಸುತ್ತಿದ್ದ. ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಮೇಲಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ. ಔಷಧಿ ಬಾಟಲಿಗಳನ್ನು ಒಂದು ಮೂಲೆಗೆ ಸರಿಸಿ, ಸಣ್ಣ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದಳು ಹೆಂಡತಿ. ಒಂದು ಲೋಟದಲ್ಲಿ ದ್ರಾಕ್ಷಿ ರಸ. ಮಾವ ದಿಂಬಿಗೆ ಒರಗಿ ಕೂತಿದ್ದರು. ಮುಖ ಬತ್ತಿ ಇಷ್ಟೇ ಇಷ್ಟಾಗಿತ್ತು. ಪ್ರಾರ್ಥನೆ ಹೇಳಿ ರೊಟ್ಟಿ ಮುರಿದರು. ಪುಡಿ ಹೊದಿಕೆಯ ಮೇಲೆಲ್ಲ ಉದುರಿತು. ಮೊದಲ ತುಂಡನ್ನು ಮಗಳಿಗೆ ಕೊಟ್ಟರು. ಅವಳು ಅದನ್ನು ಅಂಗೈಯಲ್ಲಿ ಹಿಡಿದು ಗಂಡನ ಕಡೆ ತಿರುಗಿದಳು. ಅವನು ಇಂಜೆಕ್ಷನ್ನಿಗೆ ತೋಳು ಕೊಡುವವನ ಹಾಗೆ ಹಲ್ಲು ಕಚ್ಚಿ ಕೈಚಾಚಿದ.

ಮಾವ ರೊಟ್ಟಿಯ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಚಾಚಿದ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ನಿನಗೆ ಕೊಡಲ್ಲಪ್ಪ."

"ಅಪ್ಪಾ!" ಎಂದಳು ಮಗಳು.

"ತಡಿ ಮಗಳೇ." ಅವರು ಉಸಿರು ಎಳೆದುಕೊಂಡರು. ಇಷ್ಟು ವರ್ಷ ಅಳಿಯಂದ್ರೇ, ನೀವು ಎಂದು ಕರೆದವರು ಇವತ್ತು ಮಗನನ್ನು ಕರೆಯುವ ಹಾಗೆ ಏಕವಚನಕ್ಕೆ ಇಳಿದಿದ್ದರು. "ಯಾರ ಮನಸ್ಸಾಕ್ಷಿಗೂ ಯಾರೂ ಕೈಹಾಕಬಾರದು ಅಂತ ಜೀವಮಾನವೆಲ್ಲ ಕೂಗಿದೋನು ನಾನು. ಕೊನೆಗಾಲಕ್ಕೆ ಮಗಳನ್ನ ಕಳಿಸಿ ನಿನ್ನದಕ್ಕೆ ಕೈಹಾಕಿಸಿದೆ. ಪಾಪ ಅಂದ್ರೆ ಇದೇ. ನಮ್ಮಲ್ಲಿ ಹೇಳ್ಕೊಳ್ಳೋಕೆ ಗೂಡಿಲ್ಲ, ಅದಕ್ಕೆ ನಿನಗೇ ಹೇಳ್ತಿದ್ದೀನಿ. ತಪ್ಪಾಯ್ತು ಕಣಪ್ಪ."

ಬೇಕರಿಯವನ ಬಳಿ ಯಾರೂ ಯಾವತ್ತೂ ಪಾಪ ಹೇಳಿಕೊಂಡಿರಲಿಲ್ಲ. "ಅಯ್ಯೋ, ಮಾವ… ನಾನು ಮನಸ್ಸು ಮಾಡೇ ಬಂದಿದ್ದೀನಿ. ಕೊಡಿ."

"ಯಾರಿಗೋಸ್ಕರ?"

"ಇವಳಿಗೋಸ್ಕರ. ನಿಮಗೋಸ್ಕರ."

"ಅದು ಸಾಲಲ್ಲಪ್ಪ. ನಾನು ಹೋಗ್ಬಿಡ್ತೀನಿ. ನೀನು ಇದನ್ನ ಹೊತ್ಕೊಂಡು ಇರಬೇಕಾಗುತ್ತೆ. ನಿನ್ನ ನಂಬಿಕೆ ಬೇಡ ಅಂದಿದ್ದನ್ನ ನನ್ನ ಮೇಲಿನ ಪ್ರೀತಿಗೆ ತಿನ್ನಬೇಡ. ಕೂತ್ಕೋ. ನಮ್ಮ ಜೊತೆ ಸುಮ್ನೆ ಕೂತ್ಕೋ, ಸಾಕು."

ನಾಚಿಕೆ ಬಿಟ್ಟು ಹೇಳಬೇಕೆಂದರೆ, ಅವನಿಗೆ ಮೊದಲು ಆದದ್ದು ನಿರಾಳ. ಅಬ್ಬ, ಬಚಾವಾದೆ! ಪಾಪವೂ ಇಲ್ಲ, ಹೆಂಡತಿ ಸಿಟ್ಟಾಗುವಂತೆಯೂ ಇಲ್ಲ, ಫಾದರ್ ಎದುರು ತಲೆ ತಗ್ಗಿಸಬೇಕಾಗಿಯೂ ಇಲ್ಲ. ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ.

ಮಾವ ಒಂದು ತುಂಡು ಬಾಯಿಗಿಟ್ಟುಕೊಂಡರು. ಹೆಂಡತಿಯೂ ಇಟ್ಟುಕೊಂಡಳು. ಅಪ್ಪ ಮಗಳು ಕಣ್ಣು ಮುಚ್ಚಿದರು. ಕೋಣೆಯ ತುಂಬ ಅವನೇ ಮಾಡಿದ ಬ್ರೆಡ್ಡಿನ ವಾಸನೆ. ಅವನು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡ, ತೆಗೆದ, ಮತ್ತೆ ಇಟ್ಟುಕೊಂಡ. ಎಲ್ಲಿ ನೋಡಬೇಕೆಂದು ತಿಳಿಯದೆ ಔಷಧಿ ಬಾಟಲಿ ನೋಡಿದ, ತನ್ನ ಕಾಲ ಹೆಬ್ಬೆರಳು ನೋಡಿದ. ಯಾರೂ ಅವನಿಗೆ ಅನ್ಯಾಯ ಮಾಡಿರಲಿಲ್ಲ. ಮಾಡಿದ್ದೆಲ್ಲ ಪ್ರೀತಿಯಿಂದಲೇ. ಆದರೂ ಮಂಚದ ಹತ್ತಿರ ಇದ್ದದ್ದು ಅವರಿಬ್ಬರು, ಅವನು ಹೊರಗಿನವನು. ಆ ತುಂಡು ತನಗೆ ನಿಜಕ್ಕೂ ಬೇಕಾಗಿತ್ತು ಎಂದು ಆಗ ಅವನಿಗೆ ಗೊತ್ತಾಯಿತು.

ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಪ್ರತಿ ಭಾನುವಾರ ಹೆಂಡತಿ ತನ್ನ ಚರ್ಚಿಗೆ ಹೋಗುವ ಮೊದಲು ಅವನ ಜೊತೆ ಅವನ ಚರ್ಚಿಗೂ ಬರುತ್ತಾಳೆ. ಅವನಿಗಿಂತ ಚೆನ್ನಾಗಿ ಹಾಡುತ್ತಾಳೆ. ಪರಮಪ್ರಸಾದದ ಹೊತ್ತು ಬಂದಾಗ ಅವನು ಎದ್ದು ಹೋಗಲೆಂದು ಮೊಣಕಾಲು ಸರಿಸಿ ಜಾಗ ಬಿಡುತ್ತಾಳೆ. ಬೆಂಚು ಪೂರ್ತಿ ಖಾಲಿಯಾಗುತ್ತದೆ, ಅವಳೊಬ್ಬಳು ಕೂತಿರುತ್ತಾಳೆ, ಅವಳಿಗೆ ಅಲ್ಲಿ ಕೊಡುವಂತಿಲ್ಲವಾದ್ದರಿಂದ. ಆ ನಿಯಮವನ್ನು ಮದುವೆಗೆ ಮುಂಚೆಯೇ ಅವಳಿಗೆ ಕಾರಣಸಮೇತ, ಬಿಡಿಸಿ ಬಿಡಿಸಿ ವಿವರಿಸಿದವನು ಅವನೇ. ತೆಗೆದುಕೊಂಡು ವಾಪಸು ಬಂದು ಅವಳ ಪಕ್ಕದಲ್ಲೇ ಮಂಡಿಯೂರಿ, ಭಕ್ತಿಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಒಂದು ದಿನವಾದರೂ ಕಣ್ಣು ಬಿಟ್ಟು ಅವಳ ಮುಖ ನೋಡಿದವನಲ್ಲ.

ತನ್ನ ಮೇಲೆ ಹೊಡೆದುಕೊಳ್ಳಲು ಒಂದು ಜೋಕು ಹುಡುಕಿದ. ಒಂದೂ ಸಿಗಲಿಲ್ಲ.

ಹೆಂಡತಿ ಕಣ್ಣು ತೆರೆದು ಅವನ ಕಡೆ ನೋಡಿದಳು.

"ಹೀಗಿರುತ್ತಾ?" ಎಂದು ಕೇಳಿದ. ತೋಳಿನಿಂದ ಕಣ್ಣು ಒರೆಸಿಕೊಂಡ.

ಅವಳಿಗೆ ತಕ್ಷಣ ಅರ್ಥವಾಯಿತು. ಮಡಿಲಲ್ಲಿ ಬಿದ್ದಿದ್ದ ಪುಡಿಯನ್ನು ಬೆರಳಿನಿಂದ ಒಂದೊಂದಾಗಿ ಆರಿಸಿಕೊಂಡಳು.

"ಹೂಂ, ಹೀಗೇ ಇರುತ್ತೆ" ಎಂದಳು. "ನಿಮಗೆ ಮೊದಲನೇ ಸಲ, ಅದಕ್ಕೆ ಅಳು ಬರ್ತಿದೆ. ನನಗೆ ಅಭ್ಯಾಸ ಆಗಿಹೋಗಿದೆ."