ದೇಸಾಯರ ಅರ್ಧ ಮೀಸೆ

ಇದು ನಡೆದದ್ದೇ. ಒಂದಕ್ಷರ ಸುಳ್ಳಾದರೂ ಬಂದು ನನ್ನ ಮೀಸೆ ಬೋಳಿಸಿ.

ಶೇಖಪ್ಪ ಅಮೆರಿಕದಲ್ಲಿ, ಮೆಕ್ಸಿಕೋ ಗಡಿಗೆ ಹತ್ತಿರದ ಮೀರಾ ಮೆಸಾದ ಸಲೂನಿನ ಕ್ಷೌರಿಕ. ಕರೋನಾ ಬಂದು ಸಲೂನಿಗೆ ಬೀಗ ಬಿದ್ದಾಗ ಹತ್ತಿರದ ರಾಂಚೊ ಬರ್ನಾರ್ಡೊದ ವಿಶ್ವೇಶ್ವರ ದೇಸಾಯರು ಅವನನ್ನು ಮನೆಗೇ ಕರೆಸಿಕೊಂಡರು. ಬೀಗ ತೆಗೆದ ಮೇಲೂ ಕರೆ ನಿಲ್ಲಲಿಲ್ಲ.

"ನಿಮ್ಮ ಮನೆತನ ನಮ್ಮ ವಾಡೇದಾಗ ಬೆಳದದ್ದು. ನಮ್ಮ ನಿಮ್ಮ ನಡುವ ಎಂಥಾ ಫೀಸೋ ಶೇಖ್ಯಾ?" ಎನ್ನುವರು.

ಕೆಲಸ ಮಾತ್ರ ಗ್ಯಾರೇಜಿನಲ್ಲಿ, ಕಸದ ಡಬ್ಬಿಯ ಪಕ್ಕ. ಒಳಗೆ ಕಾಲಿಡುವಂತಿಲ್ಲ. ದೇಸಾಯರ ವಂಶದವರು ಸ್ವಂತ ಕೈಯಿಂದ ಗಡ್ಡ ಕೆರೆದುಕೊಂಡವರೇ ಅಲ್ಲ. ಅದು ಅವರಿಗೆ ಅವಮಾನ.

ಆ ದಿನ ಗ್ಲೆಂಡೇಲಿನಲ್ಲಿ ಕನ್ನಡಿಗರ ಸಭೆ. ದೇಸಾಯರದೇ ಭಾಷಣ. ಅವರ ಮೀಸೆಯೋ, ಗುಬ್ಬಿಗಳು ಸಂಸಾರ ಹೂಡುವಷ್ಟು ದೊಡ್ಡದು. ಅದನ್ನು ಸಣ್ಣ ಗೆರೆ ಮಾಡೆಂದು ಅಪ್ಪಣೆಯಾಯಿತು. ಶೇಖಪ್ಪ ಎಡಭಾಗ ಮುಗಿಸಿದ. ದೇಸಾಯರು ಹಳೆಯ ಕತ್ತಿಯಿದ್ದ ಗಾಜಿನ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಭಾಷಣದ ತಾಲೀಮು ಶುರು ಮಾಡಿದರು.

"ಇದೇ ಕತ್ತಿಯಿಂದ ನಮ್ಮ ಮುತ್ತಜ್ಜಾರು ಸ್ವತಃ ಆಪರೇಷನ್ ಮಾಡ್ತಿದ್ರು..."

ಶೇಖಪ್ಪನ ಕೈ ನಿಂತಿತು. ಆ ಕತ್ತಿಯ ನಿಜ ಕಥೆಯನ್ನು ಅವನ ಅಜ್ಜಿ ಹೇಳಿದ್ದಳು. ಕಾಡುಹಂದಿ ತಿವಿದು ಹೊಟ್ಟೆ ಹರಿದುಕೊಂಡು ಬಂದ ಮುತ್ತಜ್ಜ ದೇಸಾಯರನ್ನು ಕೊಯ್ದು ಹೊಲಿದು ಬದುಕಿಸಿದವನು ವಾಡೆಯ ಕ್ಷೌರಿಕ, ಹಡಪದ ಗುರಪ್ಪ. ಗುಣವಾದೊಡನೆ ದೇಸಾಯರು ಅವನು ಮುಟ್ಟಿದ ಮೈಲಿಗೆಗೆ ಸ್ನಾನ ಮಾಡಿದರು. ಕತ್ತಿಯನ್ನು ಮಾತ್ರ ಇಟ್ಟುಕೊಂಡರು.

"ಸಾಹೇಬ್ರ, ಅದು ನಮ್ಮ ಗುರಪ್ಪಜ್ಜನ ಕತ್ತಿ ರೀ."

"ಕತ್ತಿ ಯಾರದಾದ್ರೇನ್ಲೇ? ಹೊಟ್ಟಿ ನಮ್ಮದು!"

ಶೇಖಪ್ಪ ಕತ್ತರಿ ಚೀಲಕ್ಕೆ ಹಾಕಿದ. "ಹಂಗಾದ್ರ ಮೀಸಿನೂ ನಿಮ್ಮದ. ನೀವ ಮುಗಸ್ಕೋರಿ. ಇಲ್ಲಾ, ಸಭಾದಾಗ ಗುರಪ್ಪನ ಹೆಸರ ಹೇಳ್ತೀನಿ ಅನ್ರಿ."

ದೇಸಾಯರು ಇನ್ನೊಂದು ಸಲೂನಿನ ಕಾರ್ತಿಕ್‌ಗೆ ಫೋನ್ ಮಾಡಿ ಅರ್ಧ ಮೀಸೆಯ ಗೋಳು ತೋಡಿಕೊಂಡರು.

"ಸಾರಿ ಅಂಕಲ್. ಶೇಖಪ್ಪಣ್ಣ ಅರ್ಧಕ್ಕೆ ಬಿಟ್ಟಿರೋ ಮೀಸೆಗೆ ನಮ್ಮಲ್ಲಿ ಯಾರೂ ಕೈ ಹಾಕಲ್ಲ," ಎಂದ ಕಾರ್ತಿಕ್.

ಸಿಟ್ಟಿಗೆದ್ದ ದೇಸಾಯರು ಗ್ಯಾರೇಜಿನಲ್ಲೇ ಜೀವಮಾನದಲ್ಲಿ ಮೊದಲ ಸಲ ರೇಜರ್ ಹಿಡಿದರು. ಕೂದಲು ಹೋಗಲಿಲ್ಲ, ತುಟಿ ಹೋಯಿತು. "ಸತ್ತೆನೋ!" ಎಂಬ ಕೂಗು ಮೆಕ್ಸಿಕೋ ಗಡಿ ದಾಟಿತು. ಹೊರಟಿದ್ದ ಶೇಖಪ್ಪ ಓಡಿಬಂದು ಪಟಿಕದ ಕಲ್ಲು ಒತ್ತಿ ರಕ್ತ ನಿಲ್ಲಿಸಿದ.

"ರಕ್ತ ನಿಲ್ಸೋದು ನಮ್ಮ ಧರ್ಮ ರೀ. ಮೀಸಿ ವಿಚಾರ ಬ್ಯಾರೆ."

ಮಗಳು ನಿಕಿತಾ ಬಾಗಿಲಲ್ಲಿ ನಗುತ್ತಿದ್ದಳು. "ಡ್ಯಾಡ್, ಜಸ್ಟ್ ಸೇ ಹಿಸ್ ನೇಮ್!"

ದೇಸಾಯರು ಮಾಸ್ಕ್ ಏರಿಸಿ ಕಾರು ಹತ್ತಿದರು. ದಾರಿಯಲ್ಲಾದರೂ ಶೇಖಪ್ಪನ ಮನಸ್ಸು ಕರಗೀತು ಎಂದು ಅವನನ್ನೂ ಹಿಂದಿನ ಸೀಟಿಗೆ ಹಾಕಿಕೊಂಡರು. ಗ್ಲೆಂಡೇಲ್ ಬಂತು, ಮನಸ್ಸು ಕರಗಲಿಲ್ಲ.

ವೇದಿಕೆಯಲ್ಲಿ "ಈ ಕತ್ತಿ ನಮ್ಮ ಮುತ್ತಜ್ಜಾರ..." ಎನ್ನುವಷ್ಟರಲ್ಲಿ ಮುಂದಿನ ಸಾಲಿನ ವತ್ಸಲಾ ಆಂಟಿ, "ಮಾಸ್ಕ್ ತೆಗೀರಿ, ಕೇಳಿಸ್ತಿಲ್ಲ!" ಎಂದು ಕೂಗಿದರು. ದೇಸಾಯರು ಮರೆತು ತೆಗೆದೇಬಿಟ್ಟರು. ಒಂದು ಕಡೆ ಗೆರೆ, ಇನ್ನೊಂದು ಕಡೆ ಗುಬ್ಬಿಗೂಡು! ಸಭೆ ಬಿದ್ದು ಬಿದ್ದು ನಕ್ಕಿತು.

"ಯಾರ್ರೀ ಹಿಂಗ್ ಮಾಡಿದ್ದು?"

ಶೇಖಪ್ಪ ಎದ್ದು ನಿಂತ. ನಡೆದದ್ದನ್ನೆಲ್ಲ ಹೇಳಿದ. ನಗು ನಿಂತಿತು. ಹಿಂದಿನಿಂದ ಯಾರೋ ಕೂಗಿದರು: "ಹೆಸರು ಹೇಳ್ರಿ ದೇಸಾಯರೇ!" ಆಮೇಲೆ ಇಡೀ ಸಭೆ: "ಹೆಸರು! ಹೆಸರು!"

"ಗುರಪ್ಪ," ಎಂದರು ದೇಸಾಯರು, ನೆಲ ನೋಡುತ್ತ.

"ಜೋರಾಗಿ!"

"ಹಡಪದ ಗುರಪ್ಪ! ಕತ್ತಿ ಅವಂದು!"

ಶೇಖಪ್ಪ ವೇದಿಕೆ ಹತ್ತಿದ. ಎಲ್ಲರ ಎದುರಿಗೇ ಉಳಿದರ್ಧ ಮುಗಿಸಿ, ಕತ್ತಿಯ ಪೆಟ್ಟಿಗೆಯನ್ನು ಬಗಲಿಗೇರಿಸಿ ಇಳಿದ.

ಈಗ ಆ ಕತ್ತಿ ಮೀರಾ ಮೆಸಾದ ಸಲೂನಿನ ಗೋಡೆಯ ಮೇಲಿದೆ. ನಂಬಿಕೆ ಇಲ್ಲವೇ? ಹೋಗಿ ಕುರ್ಚಿಯಲ್ಲಿ ಕೂತು ನೋಡಿ. ಆದರೆ ನಿಮ್ಮ ಮುತ್ತಜ್ಜನ ಗಾಯ ಹೊಲಿದವನ ಹೆಸರನ್ನು ಮೊದಲು ನೆನಪು ಮಾಡಿಕೊಳ್ಳಿ. ಶೇಖಪ್ಪ ಆ ಹೆಸರು ಕೇಳುವುದು ಮೀಸೆ ಅರ್ಧ ಮುಗಿಸಿದ ಮೇಲೆಯೇ.