ಅಕ್ಕನ ಜ್ವರ, ಮೂರಿಂಚಿನ ತೋಳು

ಅಕ್ಕನಿಗೂ ನನಗೂ ಮಾತು ಬಿಟ್ಟು ನಲವತ್ತು ದಿನವಾಗಿತ್ತು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನಮ್ಮ ಹೊಲಿಗೆ ಅಂಗಡಿ. ಅಳತೆ ತೆಗೆದು ಬರೆಯುವವಳು ನಾನು, ಬಟ್ಟೆ ಕತ್ತರಿಸುವವಳು ಅವಳು, ಹೊಲಿಯುವುದು ಇಬ್ಬರೂ.

ಜಗಳ ಹುಟ್ಟಿದ್ದು ಹೆಡ್‌ಮಾಸ್ತರರ ಕೋಟಿನಿಂದ. ತೋಳು ಮೂರಿಂಚು ಗಿಡ್ಡವಾಗಿ, ಅವರು ತಮ್ಮನ ಕೋಟು ಕದ್ದು ಹಾಕಿಕೊಂಡವರ ಹಾಗೆ ಕಾಣುತ್ತಿದ್ದರು. "ಕತ್ತರಿಸಿದ್ದು ಅಕ್ಕ, ಅವಳನ್ನೇ ಕೇಳಿ" ಎಂದು ಅವರೆದುರೇ ಅಂದುಬಿಟ್ಟೆ. ಅಕ್ಕ ಎದ್ದು ಒಳಗೆ ಹೋದಳು. ಸಂಜೆ ಅಳತೆ ಪುಸ್ತಕ ತೆಗೆದು ನೋಡುತ್ತೇನೆ, ಇಪ್ಪತ್ತನಾಲ್ಕು ಇರಬೇಕಾದಲ್ಲಿ ಇಪ್ಪತ್ತೊಂದು ಎಂದು ಬರೆದವಳು ನಾನೇ. ಆಗಲೇ ಹೋಗಿ ಒಪ್ಪಿಕೊಳ್ಳಬೇಕಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಅದು ಇಳಿದ ಮೇಲೆ ನಾಚಿಕೆ ಹತ್ತಿತು, ದಿನ ಕಳೆದಷ್ಟೂ ಬಾಯಿ ಇನ್ನೂ ಬಿಗಿಯಿತು. ಹೇಳಲೇಬೇಕಾದದ್ದನ್ನು ಇಬ್ಬರೂ ಮಷೀನಿಗೆ ಹೇಳುತ್ತಿದ್ದೆವು.

"ಮಷೀನೇ, ಕಪ್ಪು ನೂಲು ಎಲ್ಲಿ ಹೋಯ್ತು?" ಎಂದು ಅವಳು.

"ಕಣ್ಣಿದ್ದೋರು ಎರಡನೇ ಡಬ್ಬೀಲಿ ನೋಡ್ಲಿ ಅಂತ ಹೇಳು ಮಷೀನೇ" ಎಂದು ನಾನು.

ಮಂಗಳವಾರ ಬೆಳಿಗ್ಗೆ ಅಕ್ಕ ಕತ್ತರಿ ಕೆಳಗಿಟ್ಟು ಬಚ್ಚಲಿಗೆ ಓಡಿದಳು. ಅರ್ಧ ಗಂಟೆಯಲ್ಲಿ ಎರಡು ಸಲ ವಾಂತಿ. ಹಣೆ ಮುಟ್ಟಿದರೆ ಇಸ್ತ್ರಿ ಪೆಟ್ಟಿಗೆ. ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ಹೊದ್ದು ಮುದುಡಿಕೊಂಡಳು. ನಾನು ಎದುರಿನ ಔಷಧಿ ಅಂಗಡಿಗೆ ಓಡಿದೆ. ಅಂಗಡಿಯಾಕೆ ಓಆರ್‌ಎಸ್ ಪುಡಿ, ಜ್ವರದ ಮಾತ್ರೆ, ಥರ್ಮಾಮೀಟರ್ ಕೊಟ್ಟು ಬೆರಳು ಮಡಿಸುತ್ತಾ ಹೇಳಿದಳು.

"ಲೋಟಗಟ್ಲೆ ಕುಡಿಸ್ಬೇಡಿ. ವಾಂತಿ ಆದ್ರೆ ಹತ್ತು ನಿಮಿಷ ಬಿಟ್ಟು, ಆಮೇಲೆ ಎರಡೆರಡು ನಿಮಿಷಕ್ಕೆ ಒಂದೊಂದು ಚಮಚ. ದಪ್ಪ ಹೊದಿಕೆ ತೆಗೆದ್ಬಿಡಿ. ಚಮಚದ ನೀರೂ ಹೊಟ್ಟೇಲಿ ನಿಲ್ದೇ ಇದ್ರೆ, ಏಳೆಂಟು ಗಂಟೆ ಮೂತ್ರಕ್ಕೆ ಹೋಗ್ದೇ ಇದ್ರೆ, ಇಲ್ಲಾ ಏನೇನೋ ಅಸಂಬದ್ಧ ಮಾತಾಡಿದ್ರೆ, ನನ್ ಹತ್ರ ಬರ್ಬೇಡಿ. ಸೀದಾ ಆಸ್ಪತ್ರೆಗೆ ಹೋಗಿ."

ತಲೆಯಾಡಿಸಿ ಬಂದೆ. ರಸ್ತೆ ದಾಟುವಾಗ ಹೊಳೆಯಿತು, ಮಾತೇ ಆಡದವಳು ಅಸಂಬದ್ಧ ಮಾತಾಡುತ್ತಾಳೋ ಇಲ್ಲವೋ ಎಂದು ನಾನು ಕಂಡುಹಿಡಿಯುವುದು ಹೇಗೆ?

ಮಲಗುವ ಕೋಣೆಯಲ್ಲಿ ಮಷೀನಿರಲಿಲ್ಲ. ಅದಕ್ಕೇ ವಾಂತಿಗೆಂದು ಅವಳ ಪಕ್ಕ ಇಟ್ಟಿದ್ದ ಬಕೆಟ್ಟಿನ ಜೊತೆ ಮಾತಿಗಿಳಿದೆ.

"ಬಕೆಟ್ಟೇ, ಬೆಳಿಗ್ಗೆಯಿಂದ ಮೂತ್ರಕ್ಕೆ ಹೋಗಿದ್ದಾಳಾ ಕೇಳು."

ಒಂದು ಸಲ ಎಂಬಂತೆ ಅಕ್ಕ ಒಂದು ಬೆರಳೆತ್ತಿದಳು. ಹೊದಿಕೆ ಎಳೆದೆ. ಅವಳು ತನ್ನ ಕಡೆ ಎಳೆದುಕೊಂಡಳು. ನಾನು ಮತ್ತೆ ಎಳೆದೆ. ನೂರಮೂರು ಡಿಗ್ರಿ ಜ್ವರದಲ್ಲೂ ಹಟ ಬಿಡದ ಹೆಂಗಸು. ಕೊನೆಗೆ ತೆಳುವಾದ ಒಂದು ಹೊದಿಕೆಗೆ ರಾಜಿಯಾಯಿತು. ಬಕೆಟ್ಟಿಗೆ ಹೇಳಿ ಮಾತ್ರೆ ನುಂಗಿಸಿದೆ, ಬಕೆಟ್ಟಿಗೆ ಹೇಳಿ ಬಾಯಿ ತೆರೆಸಿದೆ. ಮಧ್ಯಾಹ್ನ ಮತ್ತೊಂದು ಸಲ ಎಲ್ಲವೂ ಹೊರಗೆ ಬಂತು. ಹತ್ತು ನಿಮಿಷ ಗಡಿಯಾರ ನೋಡಿ ಮತ್ತೆ ಚಮಚ ಹಿಡಿದೆ. ಮುಖ ಗಂಟಿಕ್ಕಿಕೊಂಡೇ ಕೂತಿದ್ದೆ, ಒಳಗೆ ಮಾತ್ರ ಜೀವ ಹಿಡಿಯಾಗಿತ್ತು. ಸೂಜಿಗೆ ದಾರ ಪೋಣಿಸಲೂ ಬಾರದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವಳು ಇವಳು. ಇವಳಿಗೆ ಏನಾದರೂ ಆದರೆ ನಾನು ಯಾರ ಮೇಲೆ ಸಿಟ್ಟು ಮಾಡಿಕೊಂಡು ಬದುಕಲಿ?

ಮೂರು ಗಂಟೆಗೆ ಅಕ್ಕ ಕಣ್ಣು ಬಿಟ್ಟು ನೇರವಾಗಿ ನನ್ನನ್ನೇ ನೋಡಿದಳು.

"ಆ ಕೋಟಿನ ತೋಳು ಕೆಟ್ಟಿದ್ದು ನನ್ನಿಂದ್ಲೇ ಕಣೆ. ತಪ್ಪು ನಂದೇ."

ನಲವತ್ತು ದಿನದಲ್ಲಿ ಮೊದಲನೇ ಮಾತು, ಅದೂ ಪೂರ್ತಿ ಸುಳ್ಳು. ಅಸಂಬದ್ಧ ಎಂದರೆ ಇದಲ್ಲದೆ ಇನ್ನೇನು? ಹೋಗಿ ಆಟೋ ಕರೆತಂದೆ.

"ನಂಗೆ ಅಂಥದ್ದೇನಾಗಿಲ್ಲ ಕಣೆ" ಎಂದಳು ಅಕ್ಕ.

"ಸುಮ್ನಿರು ಅಕ್ಕ. ತಲೆ ಕೆಟ್ಟೋರೆಲ್ಲ ಹಾಗೇ ಹೇಳೋದು."

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕತ್ತು ಬಗ್ಗಿಸಿ ನೋಡಿದರು, ಹೊಟ್ಟೆ ಒತ್ತಿದರು, ಹೆಸರು ಕೇಳಿದರು, ವಾರ ಯಾವುದು ಎಂದು ಕೇಳಿದರು. ಎಲ್ಲಕ್ಕೂ ಸರಿಯಾದ ಉತ್ತರ. ಸಾಲದ್ದಕ್ಕೆ, "ನಿಮ್ಮ ಮೂರನೇ ಗುಂಡಿ ಬೇರೆ ಬಣ್ಣದ ನೂಲಲ್ಲಿ ಹೊಲ್ದಿದಾರೆ" ಎಂದಳು. ಡಾಕ್ಟರು ಬಗ್ಗಿ ನೋಡಿಕೊಂಡರು.

"ಬುದ್ಧಿ ನೆಟ್ಟಗೇ ಇದೆ. ಮೈಯಲ್ಲಿ ನೀರು ಕಮ್ಮಿಯಾಗಿದೆ, ಡ್ರಿಪ್ ಹಾಕ್ತೀವಿ. ಕರ್ಕೊಂಡ್ ಬಂದಿದ್ದು ಒಳ್ಳೇದಾಯ್ತು."

"ಇಲ್ಲ ಡಾಕ್ಟ್ರೇ, ಇನ್ನೊಂದ್ಸಲ ನೋಡಿ. ಕೋಟಿನ ತೋಳು ತನ್ನಿಂದ ಕೆಡ್ತು ಅಂತಿದಾಳೆ."

"ಕೆಟ್ಟಿರಬಹುದಲ್ಲಮ್ಮ."

"ಹೇಗೆ ಕೆಡುತ್ತೆ? ಇಪ್ಪತ್ತನಾಲ್ಕಕ್ಕೆ ಇಪ್ಪತ್ತೊಂದು ಅಂತ ಬರ್ದೋಳು ನಾನು. ಬರ್ದಿದ್ದನ್ನ ಇವಳು ನೂಲೆಳೆ ವ್ಯತ್ಯಾಸ ಇಲ್ದೇ ಕತ್ತರಿಸಿದಾಳೆ. ತಪ್ಪು ನಂದು, ಪೂರ್ತಿ ನಂದು. ಹೆಡ್‌ಮಾಸ್ತರರ ಮುಂದೆ ಇವಳ ಮರ್ಯಾದೆ ಕಳೆದೋಳೂ ನಾನೇ."

ಏನು ಹೇಳಿದೆ ಎಂದು ನನಗೆ ತಿಳಿಯುವಷ್ಟರಲ್ಲಿ ವಾರ್ಡಿಗೆ ವಾರ್ಡೇ ನನ್ನ ಕಡೆ ತಿರುಗಿತ್ತು. ಅಕ್ಕ ಒಂದು ಕಣ್ಣು ತೆರೆದಳು.

"ಪುಸ್ತಕದಲ್ಲಿ ಏನಿತ್ತು ಅಂತ ನಂಗೆ ಗೊತ್ತಿಲ್ವೇನೆ? ನೋಡ್ಕೊಂಡೇ ಕತ್ತರಿಸಿದ್ದು. ನೀನು ಬಕೆಟ್ಟಿನ ಜೊತೆ ಮಾತಾಡೋದು ಕೇಳೋಕಾಗ್ಲಿಲ್ಲ, ಅದಕ್ಕೇ ಸೋತೆ. ಒಂದು ಸುಳ್ಳು ಹೇಳಿದ್ರೆ ನೀನು ನನ್ ಜೊತೆ ಮಾತಾಡ್ತೀಯಾ ಅಂತಿದ್ರೆ, ಹೇಳಿದ್ರೇನಂತೆ ಅನ್ನಿಸ್ತು."

ಅವಳ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಸೂಜಿ ಹಿಡಿದು ನಿಂತಿದ್ದ ನರ್ಸು, ಆ ಕೈ ತನಗೆ ಬೇಕು ಎಂದು ಸನ್ನೆ ಮಾಡಿದಳು.

"ಆಮೇಲೆ ಅಳು" ಎಂದಳು ಅಕ್ಕ. "ಈಗ ಇನ್ನೊಂದ್ಸಲ ಹೇಳು. ಸಿಸ್ಟರಿಗೆ ಪೂರ್ತಿ ಕೇಳಿಸಿಲ್ಲ."

ಹೇಳಿದೆ. ಪಕ್ಕದ ಹಾಸಿಗೆಯ ಅಜ್ಜಿ, "ಮೊದ್ಲಿಂದ ಹೇಳಮ್ಮ, ಯಾವ ಕೋಟು?" ಎಂದರು. ಅಕ್ಕ ನನ್ನ ಮುಖ ನೋಡಿದಳು. ಕುರ್ಚಿ ಎಳೆದುಕೊಂಡು ಅವರಿಗೂ ಮೊದಲಿನಿಂದ ಹೇಳಿದೆ.