ಸಾವಕ್ಕ ಗುಳಿಗೆ ನುಂಗಿದ್ದು

ಸಾವಕ್ಕನಿಗೆ ಎರಡು ಕೆಲಸ ಜನ್ಮದಲ್ಲಿ ಬಂದಿರಲಿಲ್ಲ. ಒಂದು, ಕೇಳಿದ ಸುದ್ದಿಯನ್ನು ಯಾರಿಗೂ ಹೇಳದೆ ಇರುವುದು. ಇನ್ನೊಂದು, ಗುಳಿಗೆಯನ್ನು ಇಡಿಯಾಗಿ ನುಂಗುವುದು. ಸಂಶಿಯ ಬಾಜು ಇರುವ ಆ ಹಳ್ಳಿಯಲ್ಲಿ ಮೊದಲನೆಯದು ಎಲ್ಲರಿಗೂ ಗೊತ್ತು. ಬೆಳಿಗ್ಗೆ ಅವಳ ಕಿವಿಗೆ ಬಿದ್ದ ಮಾತು ದನಗಳು ಮೇಯಲು ಹೊರಡುವ ಹೊತ್ತಿಗೆ ಊರ ಅಗಸಿಬಾಗಿಲು ದಾಟಿ ಆಚೆ ಹೋಗಿರುತ್ತಿತ್ತು. ಎರಡನೆಯದು ಮಾತ್ರ ಮನೆಯ ನಾಲ್ಕು ಗೋಡೆಯೊಳಗಿನ ಸಂಗತಿ.

ಗುಳಿಗೆ ನಾಲಿಗೆಯ ಮೇಲೆ ಬಿದ್ದರೆ ಸಾಕು, ಸಾವಕ್ಕನ ಗಂಟಲು ಬಾಗಿಲು ಹಾಕಿಕೊಂಡುಬಿಡುತ್ತಿತ್ತು. ಹೀಗಾಗಿ ತಲೆಶೂಲೆಯ ಗುಳಿಗೆಯಾಗಲಿ, ಜ್ವರದ ಗುಳಿಗೆಯಾಗಲಿ, ಬಜೆ ತೇಯುವ ಕಲ್ಲಿನ ಮೇಲೆ ಜೇನುತುಪ್ಪದಲ್ಲಿ ತೇದುಕೊಂಡೇ ಅವಳ ಬಾಯಿಗೆ ಬರಬೇಕು. ಆ ಕಲ್ಲು ಅವಳ ತವರಿನದು. ಮಗ ಭರಮಪ್ಪ ಹುಟ್ಟಿದಾಗ ಅವಳ ತಾಯಿ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು. ಕೂಸಿಗೆ ಅದರ ಮೇಲೆ ಬಜೆ, ಜಾಯಿಕಾಯಿ ತೇದು ನೆಕ್ಕಿಸಿದರು. ಕೂಸಿಗೆ ಮೀಸೆ ಬಂದ ಮೇಲೆ ಕಲ್ಲು ಬೇರೆ ಕೆಲಸವಿಲ್ಲದೆ ಸಾವಕ್ಕನ ಗುಳಿಗೆಗಳ ಸೇವೆಗೆ ನಿಂತಿತು. ತೇಯುವವಳು ಸೊಸೆ ರೇಣುಕವ್ವ. ಎಂದೂ ಮುಖ ಗಂಟುಹಾಕಿದವಳಲ್ಲ.

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಸಾವಕ್ಕ ಸುಮ್ಮಸುಮ್ಮನೆ ದಣಿಯತೊಡಗಿದಳು. ಎಡಪಕ್ಕೆಯ ಕೆಳಗೆ ಏನೋ ಭಾರ. ಭರಮಪ್ಪ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ರಕ್ತ ತಪಾಸಣೆ ಮಾಡಿಸಿದ. ಪ್ರಭಂಜನ ಎಂಬ ಹರೆಯದ ಡಾಕ್ಟರು ಅವಳನ್ನು ಎದುರಿಗೆ ಕೂಡಿಸಿಕೊಂಡು, ಇದು ರಕ್ತದ ಕ್ಯಾನ್ಸರ್ ಎಂದು ಮುಚ್ಚುಮರೆ ಇಲ್ಲದೆ ಹೇಳಿದರು. ಸಾವಕ್ಕ ಮಗನ ತೋಳು ಹಿಡಿದುಕೊಂಡಳು.

"ಅಂಜಬ್ಯಾಡ್ರಿ. ಇದು ಸಾವಕಾಶ ಬೆಳಿಯೂ ಜಾತೀದು. ಗುಳಿಗಿ ಅದಾವ. ನೇಮದಿಂದ ತಗೊಂಡ್ರ ಹೊಲಮನಿ ನೋಡ್ಕೋತ ಇರಬಹುದು. ಆದ್ರ ಇವು ತಲಿಶೂಲಿ ಗುಳಿಗಿ ಇದ್ದಂಗಲ್ಲ. ಕೈಯಾಗ ಕೊಡೂಕಿಂತ ಮೊದಲ ನೀವು ನನ್ನ ಮುಂದ ಎಲ್ಲಾ ಖರೇ ಹೇಳಬೇಕು. ಬ್ಯಾರೆ ಏನೇನ್ ಔಷಧ ತಗೋತೀರಿ?"

ಎಲ್ಲಾ ಹೇಳು ಎಂದರೆ ಸಾವಕ್ಕನಿಗೆ ಅದಕ್ಕಿಂತ ಹಬ್ಬ ಯಾವುದು? ಮೊಣಕಾಲಿಗೆ ಕುಡಿಯುವ ಸೊಪ್ಪಿನ ರಸ, ಸೋದರತ್ತೆಯ ಮಗ ಕೊಟ್ಟ ಕರಿ ಪುಡಿ, ಆ ಸೋದರತ್ತೆಯ ಮಗನಿಗೆ ಹೆಣ್ಣು ಸಿಗದ ಕಥೆ, ಒಂದನ್ನೂ ಬಿಡಲಿಲ್ಲ. ಡಾಕ್ಟರು ನಗುತ್ತ ಕೇಳಿ, ರಸ, ಪುಡಿ ಎರಡನ್ನೂ ಬಂದ್ ಮಾಡಿಸಿದರು.

"ಮನ್ಯಾಗ ಬಸರಿ ಹೆಣ್ಮಕ್ಕಳು ಯಾರರ ಅದಾರೇನು? ಇದ್ರ ಅವರು ಈ ಗುಳಿಗಿ ಮುಟ್ಟಬಾರದು. ಹೊಟ್ಟಿಯೊಳಗಿನ ಕೂಸಿಗೆ ಧಕ್ಕಿ."

"ಇಲ್ರಿ ಸಾಹೇಬ್ರ. ಅದೊಂದು ಭಾಗ್ಯ ನಮಗಿನ್ನೂ ಬಂದಿಲ್ಲ," ಎಂದಳು ಸಾವಕ್ಕ. ದನಿ ಇಳಿದುಹೋಯಿತು. ಹೋದ ವರ್ಷ ರೇಣುಕವ್ವನಿಗೆ ಎರಡು ತಿಂಗಳು ನಿಂತದ್ದೇ ತಡ, ಸಾವಕ್ಕ ಊರಿಗೆಲ್ಲ ಸಾರಿಕೊಂಡು ಬಂದಿದ್ದಳು. ಮೂರಕ್ಕೆ ಬೀಳುವುದರೊಳಗೆ ಬಸಿರು ಇಳಿದುಹೋಯಿತು. ನನ್ನ ಬಾಯಿಂದಲೇ ದೃಷ್ಟಿ ತಾಗಿತು ಎಂದು ಸಾವಕ್ಕ ಒಳಗೊಳಗೇ ಬೆಂದಿದ್ದಳು. ಸೊಸೆ ಮಾತ್ರ ಒಂದು ಮಾತೂ ಅಂದಿರಲಿಲ್ಲ.

"ಇನ್ನೊಂದು ಮಾತು," ಎಂದರು ಡಾಕ್ಟರು. "ಇದನ್ನ ಒಡೀಬಾರದು, ಪುಡಿ ಮಾಡಬಾರದು. ಇಡೀ ಗುಳಿಗಿ ನೀರಿನ ಜೋಡಿ ನುಂಗಬೇಕು. ಮುಟ್ಟಿದ ಕೈ ಸಾಬಾಣ ಹಚ್ಚಿ ತೊಳೀಬೇಕು. ಜ್ವರ ಬಂದ್ರ ನಾಳೆ ನೋಡೂಣು ಅನ್ನಬ್ಯಾಡ್ರಿ, ಅವತ್ತ ಬರ್ರಿ. ನುಂಗಾಕ ಬರತೈತಿಲ್ಲ?"

ಬಾಗಿಲ ಬಳಿ ಕೂತಿದ್ದ ಹಣ್ಣುಹಣ್ಣು ಮುದುಕಿಯೊಬ್ಬಳು ಆಗತಾನೇ ಒಂದು ಗುಳಿಗೆಯನ್ನು ಗುಳುಂ ಮಾಡಿದ್ದನ್ನು ಸಾವಕ್ಕ ನೋಡಿದ್ದಳು. ಅವಳೆದುರು ಬರುವುದಿಲ್ಲ ಎನ್ನಲು ಮರ್ಯಾದೆ ಬಿಡಲಿಲ್ಲ. "ಬರತೈತ್ರಿ," ಎಂದುಬಿಟ್ಟಳು. ಭರಮಪ್ಪ ತಾಯಿಯ ಮುಖ ನೋಡಿದ. ಅವಳು ಮೇಲೆ ತಿರುಗುವ ಫ್ಯಾನು ನೋಡಿದಳು.

"ಡಾಕ್ಟರ್ ಮುಂದ ಸುಳ್ಳ ಯಾಕ ಹೇಳಿದಿ ಬೇ?" ಎಂದು ಬಸ್ಸಿನಲ್ಲಿ ಮಗ ಕೇಳಿದ.

"ಸುಳ್ಳೇನ ಬಂತು? ನಾಳೆ ನುಂಗೇ ನುಂಗತೇನಿ, ನೋಡ್ಕೋತ ಇರು."

ಸಂಜೆ ಕಟ್ಟೆಯ ಮೇಲೆ ಕೂತು ನೆರೆಮನೆಯ ಅಮೀರಬಿಯ ಮುಂದೆ ಡಾಕ್ಟರು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ರೇಣುಕವ್ವನ ಕೈ ನಡುವೆ ಒಮ್ಮೆ ನಿಂತಿತು. ಅದು ಯಾರಿಗೂ ಗೊತ್ತಾಗಲಿಲ್ಲ.

ಮರುದಿನ ಭರಮಪ್ಪ ಹೊಲಕ್ಕೆ ಹೋದ ಮೇಲೆ ಸಾವಕ್ಕ ಗುಳಿಗೆ ಬಾಯಿಗೆ ಒಯ್ದಳು. ತುಟಿಯ ಹತ್ತಿರ ಬಂದದ್ದೇ ಗಂಟಲು ಬಾಗಿಲು ಹಾಕಿತು. ಇನ್ನೊಮ್ಮೆ ನೋಡಿದಳು, ಊಹೂಂ. ಮಾನ ಬಿಟ್ಟು ಕೂಗಿದಳು: "ರೇಣವ್ವಾ, ಕಲ್ಲು ತಗೊಂಡು ಬಾರವ್ವಾ. ಇದೊಂದೀಟು ತೇದು ಕೊಡು. ಡಾಕ್ಟರೇನು ನಮ್ಮ ಮನ್ಯಾಗ ಬಂದು ನೋಡತಾನೇನು?"

ರೇಣುಕವ್ವ ಬಂದಳು. ಗುಳಿಗೆ ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದು, ಕೈಯೆರಡನ್ನೂ ಸೆರಗಿನಲ್ಲಿ ಸುತ್ತಿಕೊಂಡಳು.

"ನಾ ಅದನ್ನ ಮುಟ್ಟಂಗಿಲ್ರಿ, ಅತ್ತಿ. ನೀವೂ ತೇಯಬ್ಯಾಡ್ರಿ."

"ಯಾಕ?"

ರೇಣುಕವ್ವ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. ಸಾವಕ್ಕನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ತೇದು ಕೊಟ್ಟ ಕೈ ಇವತ್ತು ಹಿಂದೆ ಸರಿಯಿತಲ್ಲ! "ನನ್ನ ಜಡ್ಡು ಅಂಟತೈತಿ ಅಂತ ಹೇಸತೀಯೇನು? ಆಗಲಿ. ಇನ್ನ ನಾ ಯಾರಿಗೂ ಬ್ಯಾಡಾದೆ. ನಾನ ತೇದುಕೊಳ್ಳತೇನಿ, ಇಲ್ಲಂದ್ರ ಈ ಗುಳಿಗಿನೂ ಬ್ಯಾಡ, ಬದುಕೂ ಬ್ಯಾಡ," ಎಂದು ದಡಬಡನೆ ಎದ್ದು ಗೋಡೆಯ ಮಾಡದಿಂದ ಕಲ್ಲು ಇಳಿಸಿಕೊಂಡಳು. ಕಾಲು ಚಾಚಿ ಕೂತಳು. ಗುಳಿಗೆ ಹಿಡಿದ ಕೈ ಕಲ್ಲಿನ ಮೇಲೆ ಬಂತು.

"ಅತ್ತೀ!" ರೇಣುಕವ್ವ ಹಂಚು ಹಾರುವಂತೆ ಚೀರಿದಳು. "ಆ ಕಲ್ಲಿನ ಮ್ಯಾಲ ಬ್ಯಾಡ್ರಿ! ಆ ಕಲ್ಲು ನನಗ ಬೇಕು!"

"ನಿನಗ್ಯಾಕ ಬೇಕು ಇದು?"

"ದೀವಳಿಗಿ ದಾಟಿದ ಮ್ಯಾಲ..." ರೇಣುಕವ್ವನ ಮುಖ ಕೆಂಪಾಯಿತು. "ಬಜಿ ತೇಯಾಕ ಬೇಕ್ರಿ."

ಸಾವಕ್ಕನ ಕೈ ಅಲ್ಲೇ ನಿಂತಿತು. ಗುಳಿಗೆ ಇನ್ನೂ ಕಲ್ಲಿಗೆ ತಾಗಿರಲಿಲ್ಲ. ಬಜೆಯನ್ನು ಯಾರಿಗೆ ತೇಯುತ್ತಾರೆ ಎಂಬುದನ್ನು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಣ್ಣಲ್ಲಿ ನಿಂತಿದ್ದ ನೀರು ಈಗ ಗಲ್ಲದ ಮೇಲೆ ಇಳಿಯಿತು, ಆದರೆ ಅದು ಬೇರೆ ನೀರು. ಸೊಸೆಯನ್ನು ಬಾಚಿ ಅಪ್ಪಿಕೊಳ್ಳಲು ಎದ್ದವಳು, ಕೈಯಲ್ಲಿದ್ದ ಗುಳಿಗೆ ನೆನಪಾಗಿ ಬೆದರಿ ಹಿಂದೆ ಸರಿದಳು.

"ದೂರ ನಿಂದ್ರ! ಹತ್ರ ಬರಬ್ಯಾಡ ನನ್ನವ್ವಾ!"

ಗುಳಿಗೆಯನ್ನು ಶೀಸೆಗೆ ಹಾಕಿ, ಶೀಸೆಯನ್ನು ಮೇಲಿನ ಗೂಡಿನಲ್ಲಿಟ್ಟು, ಬಚ್ಚಲಿಗೆ ಓಡಿ, ಮದುವೆಯ ಅರಿಷಿಣದೆಣ್ಣೆ ತೊಳೆಯುವವಳ ಹಾಗೆ ಮೊಣಕೈವರೆಗೆ ಸಾಬಾಣ ಹಚ್ಚಿ ತಿಕ್ಕಿದಳು. ಆಮೇಲೆ ಬಂದು ಸೊಸೆಯನ್ನು ಅಪ್ಪಿಕೊಂಡಳು. ನಕ್ಕಳು, ಅತ್ತಳು, ಮತ್ತೆ ನಕ್ಕಳು. ಅತ್ತೆ ಸೊಸೆ ಇಬ್ಬರೂ ನಗುವುದನ್ನು ನೋಡಿ ಹಟ್ಟಿಯಲ್ಲಿದ್ದ ಎಮ್ಮೆ ಮೆಲುಕು ನಿಲ್ಲಿಸಿತು.

"ಐದು ತಿಂಗಳ ತುಂಬೂ ತನಕ ಯಾರ ಮುಂದೂ ಅನಬ್ಯಾಡ್ರಿ, ಅತ್ತಿ," ಎಂದಳು ರೇಣುಕವ್ವ. "ನಿಮ್ಮ ಮಗನಿಗೂ ಇನ್ನೂ ಹೇಳಿಲ್ಲ. ಹೋದ ಸಲದ್ದು ನೆನಸಿದ್ರ ಅಂಜಿಕಿ ಬರತೈತಿ."

"ನನ್ನ ನಾಲಿಗಿ ಬಿದ್ದು ಹೋಗಲಿ, ಹೇಳಂಗಿಲ್ಲ."

ಆಣೆ ಮಾಡುವುದು ಸುಲಭ. ಸಾವಕ್ಕ ಕಲ್ಲನ್ನು ತೊಳೆದು, ತನ್ನ ಹಳೇ ಮೆತ್ತನೆಯ ಸೀರೆಯ ತುಂಡಿನಲ್ಲಿ ಸುತ್ತಿ ಮಾಡದಲ್ಲಿಟ್ಟಳು. ಈಗ ಗುಳಿಗೆ ಮತ್ತು ಅವಳು ಇಬ್ಬರೇ ಉಳಿದರು. ನಿನ್ನೆಯವರೆಗೆ ಬದುಕಿದರೆ ಬದುಕಲಿ ಎಂಬಂತಿದ್ದ ಜೀವಕ್ಕೆ ಈಗ ಬದುಕಲೇಬೇಕೆಂಬ ಹಟ ಬಂದಿತ್ತು. ಕಟ್ಟೆಯ ಮೇಲೆ ಹೋಗಿ ಕೂತು, ಗುಳಿಗೆ ನಾಲಿಗೆಯ ಮೇಲಿಟ್ಟು, ಚಂಬಿನ ನೀರು ತುಂಬಿಕೊಂಡಳು. ಎರಡೂ ಗಲ್ಲ ಉಬ್ಬಿದವು. ಗಂಟಲು ಮಾತ್ರ ಮಿಸುಕಲಿಲ್ಲ.

ಅಷ್ಟರಲ್ಲಿ ಅಮೀರಬಿ ಬಂದಳು.

"ಏನ್ ಸಾವಕ್ಕಾ, ರೇಣುಕಾ ಯಾಕ ಹಂಗ ಚೀರಿದ್ಲು? ಆಮ್ಯಾಲ ನಗೂ ಸಪ್ಪಳ ಬ್ಯಾರೆ ಕೇಳ್ತು. ಏನ್ ಸುದ್ದಿ?"

ಸುದ್ದಿ! ಆ ಸುದ್ದಿ ಸಾವಕ್ಕನ ಎದೆಯಿಂದೆದ್ದು ಗಂಟಲಿಗೆ ಬಂದು ಕೂತಿತು. ಬಾಯಿ ತೆರೆದರೆ ನೀರು, ಗುಳಿಗೆ, ಸುದ್ದಿ ಮೂರೂ ಹೊರಗೆ. ಬಾಗಿಲಲ್ಲಿ ರೇಣುಕವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇವಳನ್ನೇ ನೋಡುತ್ತಿದ್ದಳು. ಆ ಮುಖ ನೋಡಿ ಸಾವಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಗುಳುಂ ಎಂದಿತು.

ಹೋಯಿತು! ಐವತ್ತೈದು ವರ್ಷ ಮುಚ್ಚಿದ್ದ ಬಾಗಿಲು ದಾಟಿ ಗುಳಿಗೆ ಒಳಗೆ ಹೋಯಿತು. ಅವಳು ನಾಲಿಗೆ ಹೊರಳಿಸಿ ನೋಡಿಕೊಂಡಳು. ಖರೇ ಹೋಗಿತ್ತು.

"ಕೇಳಾಕತ್ತೇನಿ, ಏನ್ ಸುದ್ದಿ ಅಂತ," ಅಮೀರಬಿ ಬಿಡಲಿಲ್ಲ.

"ಸುದ್ದಿ ಏನೂ ಇಲ್ಲ," ಎಂದಳು ಸಾವಕ್ಕ.

ಅಮೀರಬಿ ದಂಗಾದಳು. ಈ ಕಟ್ಟೆಯ ಮೇಲೆ ಇಂಥ ಮಾತು ಅವಳು ಎಂದೂ ಕೇಳಿರಲಿಲ್ಲ. ಬಗ್ಗಿ ಸಾವಕ್ಕನ ಹಣೆಯ ಮೇಲೆ ಕೈಯಿಟ್ಟಳು. "ಯಾ ಅಲ್ಲಾ, ಜ್ವರ ಏನರ ಬಂದಾವೇನ? ಬಂದ್ರ ಅವತ್ತ ಬರ್ರಿ ಅಂದಾರ ಡಾಕ್ಟರ್. ಭರಮಪ್ಪನ್ನ ಕರಸೂಣು, ಬಸ್ಸಿನ್ನೂ ಹೋಗಿಲ್ಲ. ನಿನಗೇನರ ಆದ್ರ ನಾ ಯಾರ ಕೂಡ ಮಾತಾಡ್ಲಿ?"

ಸಾವಕ್ಕ ಆ ಕೈಯನ್ನು ಹಿಡಿದು ಬಾಜುವಿನಲ್ಲಿ ಕೂಡಿಸಿಕೊಂಡಳು. ನಗು ತಡೆಯಲಾಗದೆ ಅವಳ ಹೊಟ್ಟೆ ಕುಣಿಯುತ್ತಿತ್ತು.

"ಏನೂ ಆಗಿಲ್ಲ ಬೇ ನನಗ. ಆಗೂದೂ ಇಲ್ಲ," ಎಂದಳು. "ದೀವಳಿಗಿ ದಾಟಿದ ಮ್ಯಾಲ ನನಗ ಬಾಳ ಕೆಲಸ ಐತಿ. ನಾ ಎಲ್ಲಿಗೂ ಹೋಗಂಗಿಲ್ಲ."